ಲಕ್ಷಕ್ಕೊಬ್ಬರ ಸಾವು ಮತ್ತು ವೈದ್ಯರ ಚೀಟಿ

ಹಲ್ಲುನೋವು, ತಲೆನೋವು, ಇಳಿಯದ ಜ್ವರ ಯಾವುದೇ ಇರಲಿ, ಒಂದು ಕಾಲಕ್ಕೆ ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಅನಾಲ್ಜಿನ್ ಕೇಳಿ ಪಡೆಯುವುದು ವಾಡಿಕೆಯಾಗಿತ್ತು. ಆ ಮಾತ್ರೆಯೊಳಗಿನ ಔಷಧದ ಹೆಸರು ಮೆಟಮಿಜೋಲ್. ಸ್ವೀಡನ್ 1974ರಲ್ಲಿ, ಅಮೆರಿಕ 1977ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದವು. ನುಂಗಿದವರಲ್ಲಿ ಎಲ್ಲೋ ಒಬ್ಬರಿಗೆ ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳು ಹೇಳದೆ ಕೇಳದೆ ಬರಿದಾಗಿಬಿಡುತ್ತವೆ. ಗಂಟಲುನೋವಾಗಿ ಶುರುವಾದದ್ದು ಸಾವಿನಲ್ಲಿ ಮುಗಿಯಬಹುದು. ಭಾರತ 2013ರಲ್ಲಿ ತಡೆ ಹಾಕಿ, ಮರುವರ್ಷ ಷರತ್ತಿನೊಂದಿಗೆ ಅದನ್ನು ತೆರವು ಮಾಡಿತು. ಇಸ್ರೇಲಿನಲ್ಲಿ ಇದೇ ಔಷಧ ಆಪ್ಟಾಲ್ಜಿನ್ ಎಂಬ ಹೆಸರಿನಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಇಸ್ರೇಲಿನ ಔಷಧ ನಿಯಮಗಳು ಧರ್ಮಶಾಸ್ತ್ರದಿಂದ ಹುಟ್ಟಿದವಲ್ಲ, ಅದು ಬೇರೆ ಮಾತು. ಆದರೆ ಹಲಾಖಾ ಎಂಬ ಯೆಹೂದಿ ಧರ್ಮಶಾಸ್ತ್ರಕ್ಕೆ ಬದ್ಧರಾದ ವೈದ್ಯರೊಬ್ಬರು ಜೆರುಸಲೇಮಿನಲ್ಲೋ ನ್ಯೂಯಾರ್ಕಿನಲ್ಲೋ ಚೀಟಿ ಬರೆಯಲು ಕೂತಾಗ ಅವರಿಗೆ ಎದುರಾಗುವ ಪ್ರಶ್ನೆ ನಮಗೂ ಪರಕೀಯವಲ್ಲ. ಒಂದು ಜೀವ ಉಳಿಸಲು ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ಕಟ್ಟಳೆಗಳನ್ನೂ ಬದಿಗಿಡಬೇಕೆನ್ನುವ ಶಾಸ್ತ್ರ ಅದು. ಬರಿಯ ನೋವು ಇಳಿಸುವುದಕ್ಕಾಗಿ, ಎಷ್ಟೇ ಅಪರೂಪವಾಗಿರಲಿ, ಕೊಲ್ಲಬಲ್ಲ ಮಾತ್ರೆಯನ್ನು ಅದು ಹೇಗೆ ಒಪ್ಪೀತು?

ಒಪ್ಪುತ್ತದೆ. ಒಪ್ಪುವ ಬಗೆಯಲ್ಲಿ ಇಂದಿನ ವೈದ್ಯಕ್ಕೂ ಬೇಕಾದ ಒಂದು ವಿವೇಕವಿದೆ ಎಂಬುದು ನನ್ನ ವಾದ. ಎಷ್ಟು ಜನರಲ್ಲಿ ಒಬ್ಬರು ಸಾಯುತ್ತಾರೆ ಎಂಬ ಅಂಕಿಯನ್ನು ಈ ಶಾಸ್ತ್ರ ಕಡೆಗಣಿಸುವುದಿಲ್ಲ. ಆದರೆ ಆ ಅಂಕಿ ಯಾವ ಕಾಯಿಲೆಗೆ ಎದುರಾಗಿ ನಿಂತಿದೆ, ಔಷಧ ಕೊಡುವವರು ಎಷ್ಟು ಬಲ್ಲವರು, ಕೊಟ್ಟ ಮೇಲೆ ಎಷ್ಟು ಎಚ್ಚರ ವಹಿಸುತ್ತಾರೆ ಎಂಬುದನ್ನು ತಿಳಿಯದೆ ಬರಿಯ ಅಂಕಿಯ ಮೇಲೆ ತೀರ್ಪು ಕೊಡಲು ಅದು ಒಪ್ಪುವುದಿಲ್ಲ.

ಮೊದಲ ತೊಡಕು ರೋಗಿಯ ಒಪ್ಪಿಗೆಯದು. ಇಂದಿನ ಆಸ್ಪತ್ರೆಯಲ್ಲಿ ಅಪಾಯದ ಪ್ರಶ್ನೆ ಬಹುಮಟ್ಟಿಗೆ ಸಹಿ ಹಾಕಿದ ಒಂದು ಕಾಗದದಲ್ಲಿ ಮುಗಿಯುತ್ತದೆ. ರೋಗಿಗೆ ತಿಳಿಸಿದ್ದೇವೆ, ಅವರು ಒಪ್ಪಿದ್ದಾರೆ, ಅಲ್ಲಿಗೆ ಸರಿ. ಯೆಹೂದಿ ಶಾಸ್ತ್ರದಲ್ಲಿ ಇದಿಷ್ಟೇ ಸಾಲದು, ಏಕೆಂದರೆ ದೇಹ ಆ ವ್ಯಕ್ತಿಯ ಸ್ವಂತ ಸೊತ್ತೆಂದು ಅದು ಭಾವಿಸುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ವೈದ್ಯನಾಗಿಯೂ ಧರ್ಮಶಾಸ್ತ್ರಜ್ಞನಾಗಿಯೂ ಬಾಳಿದ ಮೈಮೊನಿಡಿಸ್ ತನ್ನ ಸಂಹಿತೆಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳುತ್ತಾನೆ: ನನ್ನ ಜೀವಕ್ಕೆ ನಾನು ಅಪಾಯ ತಂದುಕೊಂಡರೆ ಬೇರೆಯವರಿಗೇನು ಎಂದು ವಾದಿಸುವವನು ದಂಡನೆಗೆ ಅರ್ಹ. ಆದ್ದರಿಂದ ಅಪಾಯವಿರುವ ಔಷಧವನ್ನು ಕೊಡಲು ಮತ್ತು ತೆಗೆದುಕೊಳ್ಳಲು ಅನುಮತಿ ರೋಗಿಯ ಇಷ್ಟದ ಆಚೆಗೆ ಎಲ್ಲಿಂದಲಾದರೂ ಬರಲೇಬೇಕು.

ಅದು ಬರುವುದು ಬೈಬಲಿನ ವಿಮೋಚನಕಾಂಡದ 21ನೆಯ ಅಧ್ಯಾಯದ ಒಂದು ಸಣ್ಣ ಮಾತಿನಿಂದ. ಹೊಡೆದಾಟದಲ್ಲಿ ಇನ್ನೊಬ್ಬನನ್ನು ಗಾಯಗೊಳಿಸಿದವನು ಆತನ ಚಿಕಿತ್ಸೆಯ ವೆಚ್ಚ ಭರಿಸಬೇಕು ಎಂದು ಅಲ್ಲಿದೆ. ಚಿಕಿತ್ಸೆಗೆ ಹಣ ಕೊಡಬೇಕೆಂದರೆ ಚಿಕಿತ್ಸೆ ಮಾಡಲು ವೈದ್ಯನಿಗೆ ಅಪ್ಪಣೆ ಇದೆ ಎಂದೇ ಅರ್ಥವಲ್ಲವೆ ಎಂದು ತಾಲ್ಮುದ್ ಎಂಬ ಪ್ರಾಚೀನ ಧರ್ಮಚರ್ಚೆಗಳ ಸಂಕಲನದ ಪಂಡಿತರು ತರ್ಕಿಸಿದರು. ಈ ಅಪ್ಪಣೆಯನ್ನು ಕಿರಿದುಗೊಳಿಸಲು ನೋಡಿದವರೂ ಇದ್ದರು. ಸ್ಪೇನಿನ ಭಾಷ್ಯಕಾರ ಇಬ್ನ್ ಎಜ್ರಾ ಇದು ಹೊರಗಿನ ಗಾಯಗಳಿಗಷ್ಟೇ ಸಲ್ಲುತ್ತದೆ, ದೇಹದೊಳಗಿನ ರೋಗ ದೇವರಿಗೆ ಬಿಟ್ಟದ್ದು ಎಂದ. ಅವನ ಮಾತು ನಿಂತಿದ್ದರೆ ನುಂಗುವ ಔಷಧದ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದು ನಿಲ್ಲಲಿಲ್ಲ. ಹದಿಮೂರನೆಯ ಶತಮಾನದ ನಾಖ್ಮನಿಡಿಸ್, ತಾನೂ ವೈದ್ಯನಾಗಿದ್ದವನು, ಚರ್ಚೆಯನ್ನು ಇನ್ನೊಂದು ನೆಲೆಗೆ ಒಯ್ದ. ಔಷಧವೆಂದರೇ ಅಪಾಯ, ಒಬ್ಬನನ್ನು ಬದುಕಿಸಿದ್ದೇ ಮತ್ತೊಬ್ಬನನ್ನು ಕೊಲ್ಲುತ್ತದೆ ಎಂದು ಆತ ನೇರವಾಗಿ ಒಪ್ಪಿಕೊಂಡ. ಈ ಒಪ್ಪಿಗೆಯೇ ಮುಂದಿನ ಎಲ್ಲ ಚಿಂತನೆಗೆ ತಳಹದಿ. ಅಪಾಯವಿಲ್ಲದ ಔಷಧಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ; ಅಪಾಯವಿರುವುದರಿಂದಲೇ ಅಪ್ಪಣೆ ಕೊಡಬೇಕಾಯಿತು. ಹಾಗಾದರೆ ಅಪರೂಪದ ಸಾವಿನ ಸಾಧ್ಯತೆ ಆ ಅಪ್ಪಣೆಯನ್ನು ಮುರಿಯುವ ಸಂಗತಿಯಾಗಲಾರದು. ಅಪ್ಪಣೆ ಕೊಡುವಾಗಲೇ ಅದು ಗಣನೆಗೆ ಬಂದಿದೆ.

ಇಷ್ಟು ಹೇಳಿದರೆ ಯಾವ ಅಪಾಯವನ್ನಾದರೂ ಒಪ್ಪಬಹುದೆಂಬ ಭಾವನೆ ಬಂದೀತು. ಅಲ್ಲಿ ಅಂಕಿಗಳ ಪ್ರವೇಶ. ಸಾವಿರಕ್ಕೆ ಒಂದು ಎಂಬ ಲೆಕ್ಕ ಈ ಗ್ರಂಥಗಳಲ್ಲಿ ಸುಮಾರು ಐನೂರು ವರ್ಷಗಳ ಅಂತರದಲ್ಲಿ ಎರಡು ಕಡೆ, ಎರಡು ವಿರುದ್ಧ ದಿಕ್ಕಿನಲ್ಲಿ ಬಳಕೆಯಾಗಿದೆ. ಹದಿನಾಲ್ಕನೆಯ ಶತಮಾನದ ವಿದಾಲ್ ಎಂಬ ಭಾಷ್ಯಕಾರ ಹೆರಿಗೆಯ ಬಗ್ಗೆ ಬರೆಯುತ್ತ, ಸಾವಿರ ಬಾಣಂತಿಯರಲ್ಲಿ ಒಬ್ಬಳೂ ಸಾಯುವುದಿಲ್ಲ ಎನ್ನುತ್ತಾನೆ. (ಆ ಕಾಲದ ಹೆರಿಗೆಯ ಬಗ್ಗೆ ಇಂದು ತಿಳಿದಿರುವುದನ್ನು ನೋಡಿದರೆ ಇದು ತೀರ ಕಡಿಮೆಯ ಲೆಕ್ಕ.) ಆದರೂ ಹೆರಿಗೆಗಾಗಿ ಸಬ್ಬತ್ತನ್ನು ಮುರಿಯಲೇಬೇಕು ಎಂಬುದರಲ್ಲಿ ಅವನಿಗೆ ಅನುಮಾನವಿಲ್ಲ, ಸಾಧ್ಯವಿದ್ದಲ್ಲಿ ಎಂದಿನ ರೀತಿ ಬಿಟ್ಟು ತುಸು ಬೇರೆ ರೀತಿಯಲ್ಲಿ ಕೆಲಸ ಮಾಡಬೇಕು ಎಂಬಷ್ಟೇ ವ್ಯತ್ಯಾಸ. ಅಂದರೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಅಪಾಯವೂ ಇಡೀ ಸಮಾಜದ ವ್ರತವನ್ನು ಬದಿಗೆ ಸರಿಸುವಷ್ಟು ದೊಡ್ಡದು. ಇನ್ನು ಹತ್ತೊಂಬತ್ತನೆಯ ಶತಮಾನದ ಡಾನ್‌ಜಿಗ್‌ನ ರಬ್ಬಿ (ಯೆಹೂದಿ ಧರ್ಮಗುರು) ಇಸ್ರಾಯೇಲ್ ಲಿಪ್‌ಶಿಟ್ಸ್. ಸಿಡುಬಿನ ಚುಚ್ಚುಮದ್ದಿನಿಂದ ಸಾವಿರದಲ್ಲಿ ಒಬ್ಬ ಸಾಯುತ್ತಾನೆ ಎಂದು ಬರೆದೇ ಆತ ಅದಕ್ಕೆ ಅನುಮತಿ ಕೊಟ್ಟ. ಸಹಜವಾಗಿ ಬರುವ ಸಿಡುಬಿನ ಅಪಾಯ ಅದಕ್ಕಿಂತ ಎಷ್ಟೋ ಹೆಚ್ಚು ಎಂಬುದು ಅವನು ಕೊಟ್ಟ ಕಾರಣ. ಲಸಿಕೆಯನ್ನು ತಂದ ಎಡ್ವರ್ಡ್ ಜೆನ್ನರನನ್ನು ಅನ್ಯಜನರಲ್ಲಿನ ಧರ್ಮಾತ್ಮರ ಸಾಲಿಗೆ ಸೇರಿಸಿ ಹೊಗಳಿದವನೂ ಅವನೇ. ಒಂದೇ ಅಂಕಿ ಒಂದೆಡೆ ಎಚ್ಚರವನ್ನು ಬೇಡುತ್ತದೆ, ಇನ್ನೊಂದೆಡೆ ಧೈರ್ಯವನ್ನು. ಎರಡು ಕಡೆಯೂ ಜೀವವೇ ಮುಖ್ಯವಾದ್ದರಿಂದ ಇದರಲ್ಲಿ ವಿರೋಧವಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಹೆರುತ್ತಿರುವ ಹೆಂಗಸು ಆಗಲೇ ಅಪಾಯದಲ್ಲಿದ್ದಾಳೆ. ಚುಚ್ಚುಮದ್ದು ಹಾಕಿಸಿಕೊಳ್ಳುವ ಮಗು ಆರೋಗ್ಯವಾಗಿದೆ. ಮುಂದೆಂದೋ ಬರಬಹುದಾದ, ಬಾರದೆಯೂ ಇರಬಹುದಾದ ರೋಗಕ್ಕಾಗಿ ಇಂದು ಆಡಿಕೊಂಡಿರುವ ಮಗುವನ್ನು ಸಾವಿನ ದವಡೆಗೆ ಒಡ್ಡಬಹುದೆ? ಜೆನ್ನರನಿಗಿಂತ ಮೊದಲು, ಸಿಡುಬಿನ ಕೀವನ್ನೇ ಚರ್ಮಕ್ಕೆ ಹಚ್ಚುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚು ತೂಕವಿತ್ತು. ಆ ವಿಧಾನದಿಂದಲೇ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. 1721ರ ಬಾಸ್ಟನ್ ಪಿಡುಗಿನಲ್ಲಿ ಸಹಜವಾಗಿ ಸಿಡುಬು ತಗುಲಿದ ಆರು ಸಾವಿರದಷ್ಟು ಜನರಲ್ಲಿ ಎಂಟುನೂರಕ್ಕೂ ಹೆಚ್ಚು ಮಂದಿ ಸತ್ತರೆ, ಕೀವು ಹಚ್ಚಿಸಿಕೊಂಡ ಸುಮಾರು 240 ಜನರಲ್ಲಿ ಆರು ಮಂದಿ ಸತ್ತರು. ಲಂಡನ್ನಿನಲ್ಲಿ 1785ರಲ್ಲಿ ಅಬ್ರಹಾಂ ನಾನ್‌ಸಿಗ್ ಎಂಬಾತ ಈ ಪ್ರಶ್ನೆಗೆಂದೇ ಹೀಬ್ರೂವಿನಲ್ಲಿ ಒಂದು ಪುಸ್ತಕ ಬರೆದ. ಸಿಡುಬಿಗೆ ಸ್ವಂತ ಮಕ್ಕಳನ್ನು ಕಳೆದುಕೊಂಡಿದ್ದ ತಂದೆ ಆತ. ಸಿಡುಬು ಎಲ್ಲರ ಮನೆಯ ಬಾಗಿಲಲ್ಲೂ ಕಾದಿರುವಾಗ ಮಗುವನ್ನು ಅಪಾಯದ ಹೊರಗಿದೆ ಎಂದು ಎಣಿಸುವುದೇ ತಪ್ಪು ಎಂಬುದು ಅವನ ನಿಲುವು. ನನಗೆ ಈ ಉತ್ತರ ಒಪ್ಪಿಗೆಯಾಗುತ್ತದೆ, ಆದರೆ ಒಂದು ಷರತ್ತಿನೊಂದಿಗೆ: ರೋಗ ನಿಜವಾಗಿಯೂ ಬಾಗಿಲಲ್ಲಿರಬೇಕು. ಊಹೆಯ ರೋಗಕ್ಕೆ ನಿಜದ ಅಪಾಯವನ್ನು ತೆರಬಾರದು.

ಜೀವದ ಎದುರು ಜೀವವನ್ನು ತೂಗುವ ಪ್ರಸಂಗಗಳು ಕಷ್ಟವಾದರೂ ಲೆಕ್ಕಕ್ಕೆ ಸಿಗುತ್ತವೆ. ಬದುಕುಳಿಯುವ ಆಸೆಯೇ ಕ್ಷೀಣವಾದ ರೋಗಿಗೆ ಗುಣವನ್ನೋ ಬೇಗ ಸಾವನ್ನೋ ತರುವ ಔಷಧ ಕೊಡಬಹುದೆ ಎಂಬ ಪ್ರಶ್ನೆ ಮೆಟ್ಸ್ ನಗರದ ರಬ್ಬಿ ಯಾಕೋಬ್ ರೈಷರ್ ಬಳಿ ಬಂತು. ತಿಳಿದ ವೈದ್ಯರು ಕೂಡಿ ವಿಚಾರಿಸಿ, ಸ್ಪಷ್ಟ ಬಹುಮತದಿಂದ, ಊರಿನ ರಬ್ಬಿಯ ಸಮ್ಮತಿಯೊಂದಿಗೆ ಕೊಡಬಹುದು ಎಂದು ಆತ ತೀರ್ಪು ಕೊಟ್ಟ. ಕಠಿಣವಾದದ್ದು ಮೆಟಮಿಜೋಲಿನಂಥ ಪ್ರಸಂಗ. ಅಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಸಾವು, ಇನ್ನೊಂದರಲ್ಲಿ ಬರಿಯ ನೋವು. ಹದಿನೆಂಟನೆಯ ಶತಮಾನದ ಜರ್ಮನಿಯ ರಬ್ಬಿ ಯಾಕೋಬ್ ಎಮ್ಡೆನ್ ಇಲ್ಲಿ ಹಿಂದೇಟು ಹಾಕಿದ. ಮೂತ್ರದ ಕಲ್ಲಿನ ಬೇನೆ ತಾಳಲಾರದೆ, ಜೀವಕ್ಕೆ ಅಪಾಯವಿಲ್ಲದಿದ್ದರೂ ಕೊಯ್ಯಿಸಿಕೊಳ್ಳುವವರು ಸರಿಯಾದದ್ದನ್ನು ಮಾಡುತ್ತಿಲ್ಲ ಎಂದ. ಅರಿವಳಿಕೆಯಿಲ್ಲದ, ಕೈ ತೊಳೆಯುವ ಪದ್ಧತಿಯಿಲ್ಲದ ಆ ಕಾಲದ ಶಸ್ತ್ರಕ್ರಿಯೆಯಲ್ಲಿ ಎಷ್ಟು ಜನ ಸಾಯುತ್ತಿದ್ದರೆಂಬುದನ್ನು ನೆನೆದರೆ ಅವನ ಅಂಜಿಕೆ ಅರ್ಥವಾಗುತ್ತದೆ. ಅದನ್ನೇ ಹಿಡಿದು ಲಕ್ಷಕ್ಕೊಬ್ಬರಿಗೆ ಕೆಡುಕಾಗುವ ಮಾತ್ರೆಯನ್ನು ನಿಷೇಧಿಸುವುದು ಅವನ ತೀರ್ಪಿನ ಕಾರಣವನ್ನು ಬಿಟ್ಟು ಸಿಪ್ಪೆಯನ್ನು ಹಿಡಿದಂತೆ. ಜೆರುಸಲೇಮಿನ ರಬ್ಬಿ ಎಲಿಯೇಜರ್ ವಾಲ್ಡನ್‌ಬರ್ಗ್ ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಬೇರೆಯ ದಾರಿ ತೋರಿದರು. ಸಾವಿನ ಅಂಚಿನಲ್ಲಿ ನರಳುವವರಿಗೆ ಮಾರ್ಫಿನ್‌ನಂಥ ನೋವುನಿವಾರಕ ಕೊಡಬಹುದು, ಅದರಿಂದ ಕೊನೆ ಬೇಗ ಬರುವ ಸಾಧ್ಯತೆಯಿದ್ದರೂ ಉದ್ದೇಶ ನೋವನ್ನು ಇಳಿಸುವುದೇ ಆಗಿರಬೇಕು ಎಂದರು. ನೋವನ್ನು ತಗ್ಗಿಸುವುದೂ ಚಿಕಿತ್ಸೆಯೇ ಎಂಬುದು ಅವರ ಎಣಿಕೆ. ಔಷಧವೆಂದರೇ ಅಪಾಯ ಎಂಬ ನಾಖ್ಮನಿಡಿಸನ ಮಾತೇ ಅವರಿಗೆ ಆಧಾರ.

ಜೀವಕ್ಕೂ ನೋವಿಗೂ ನಡುವೆ ಗೆರೆ ಎಳೆಯುವುದೇ ಎಷ್ಟು ಕಷ್ಟ ಎಂಬುದಕ್ಕೆ ಕ್ಲೋಜಪೀನ್ ಎಂಬ ಮನೋರೋಗದ ಔಷಧದ ಚರಿತ್ರೆಗಿಂತ ಒಳ್ಳೆಯ ಸಾಕ್ಷ್ಯ ನನಗೆ ಕಾಣದು. ಇದೂ ಬಿಳಿ ರಕ್ತಕಣಗಳನ್ನು ಬರಿದು ಮಾಡಬಲ್ಲದು. ನೂರಕ್ಕೆ ಒಬ್ಬರ ಆಸುಪಾಸು. 1975ರಲ್ಲಿ ಫಿನ್ಲೆಂಡಿನಲ್ಲಿ ಎಂಟು ರೋಗಿಗಳು ಸತ್ತ ಮೇಲೆ ಹಲವು ದೇಶಗಳು ಅದರಿಂದ ದೂರ ಸರಿದವು. ಆದರೆ 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇರಾವ ಔಷಧಕ್ಕೂ ಬಗ್ಗದ ಸ್ಕಿಜೋಫ್ರೀನಿಯಾ ಇದ್ದವರಲ್ಲಿ ನೂರಕ್ಕೆ 30 ಮಂದಿ ಇದರಿಂದ ಸುಧಾರಿಸಿದರು. ಹಳೆಯ ಔಷಧದಿಂದ ಸುಧಾರಿಸಿದವರು ನೂರಕ್ಕೆ ನಾಲ್ಕು. ಮರುವರ್ಷ ಅಲ್ಲಿ ಒಪ್ಪಿಗೆ ಸಿಕ್ಕಿತು, ವಾರವಾರವೂ ರಕ್ತ ಪರೀಕ್ಷೆ ಮಾಡಿಸಲೇಬೇಕೆಂಬ ಕಟ್ಟಳೆಯೊಂದಿಗೆ. ಮುಂದೆ, 2009ರಲ್ಲಿ, ಅದೇ ಫಿನ್ಲೆಂಡಿನ ಸುಮಾರು 67,000 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಈ ಬಗೆಯ ಔಷಧಗಳಲ್ಲೆಲ್ಲ ಅತಿ ಕಡಿಮೆ ಸಾವು ಕಂಡದ್ದು ಕ್ಲೋಜಪೀನ್ ಪಡೆದವರಲ್ಲಿ. ಆತ್ಮಹತ್ಯೆಯನ್ನು ತಡೆಯುವ ಅದರ ಗುಣ ಇದಕ್ಕೆ ದೊಡ್ಡ ಕಾರಣ. ಮನಸ್ಸಿನ ಯಾತನೆಯನ್ನು ಬರಿಯ ನೋವೆಂದು ಪಕ್ಕಕ್ಕಿಟ್ಟಿದ್ದರೆ ಅದು ಜೀವವನ್ನೇ ತೆಗೆಯುವ ರೋಗವೆಂಬುದು ಕಾಣುತ್ತಲೇ ಇರಲಿಲ್ಲ. ತಾಲ್ಮುದಿನ ಯೋಮಾ ಭಾಗದಲ್ಲಿ ಉಪವಾಸದ ದಿನ ರೋಗಿ ತನಗೆ ಊಟ ಬೇಕೇಬೇಕು ಎಂದರೆ, ವೈದ್ಯರು ಬೇಡವೆಂದರೂ ರೋಗಿಯ ಮಾತನ್ನೇ ಕೇಳಬೇಕು ಎಂದಿದೆ. ತನ್ನ ಸಂಕಟ ಏನೆಂಬುದು ಅವನಿಗೆ ಗೊತ್ತು. ಒಪ್ಪಿಗೆಯೊಂದೇ ಸಾಲದೆನ್ನುವ ಶಾಸ್ತ್ರ, ಸಂಕಟದ ವಿಷಯದಲ್ಲಿ ರೋಗಿಯ ನುಡಿಗೆ ಇಷ್ಟು ಬೆಲೆ ಕೊಡುತ್ತದೆ.

ಇನ್ನು ಅಂಕಿಯೇ ಖಚಿತವಿಲ್ಲದಾಗ ಏನು ಮಾಡುವುದು? ಮೆಟಮಿಜೋಲ್ ಮಟ್ಟಿಗೆ ಅದೇ ಸ್ಥಿತಿ. ಯೂರೋಪು ಮತ್ತು ಇಸ್ರೇಲಿನಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನ, ಒಂದು ವಾರ ಬಳಸಿದ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ರಕ್ತಕಣದ ಈ ತೊಂದರೆ ಎಂದಿತು. ಸ್ವೀಡನ್ನಿನ 2002ರ ಲೆಕ್ಕ ಸುಮಾರು 1,400 ಚೀಟಿಗಳಿಗೆ ಒಂದು ಪ್ರಕರಣ ಎಂದಿತು. ತೊಂದರೆ ಬಂದವರೆಲ್ಲ ಸಾಯುವುದಿಲ್ಲ, ನಿಜ. ಆದರೂ ಎರಡು ಲೆಕ್ಕಗಳ ನಡುವಿನ ಅಂತರ ಅಗಾಧ. ಜೆರುಸಲೇಮಿನ ರಬ್ಬಿ ಷ್ಲೋಮೊ ಜಲ್ಮನ್ ಔರ್‌ಬಾಕ್ ಅವರ ಅಳತೆಗೋಲು ಇಲ್ಲಿ ನೆರವಿಗೆ ಬರುತ್ತದೆ: ಸಾಮಾನ್ಯ ಜನ ಯಾವುದನ್ನು ಕಂಡು ಅಪಾಯವೆಂದು ಓಡುತ್ತಾರೋ ಅದು ಅಪಾಯ. ಹಳೆಯ ಗ್ರಂಥಗಳಲ್ಲಿಯೂ, ಬಹುಜನ ನಡೆಯುವ ದಾರಿಯ ಸಣ್ಣ ಅಪಾಯಗಳಲ್ಲಿ ಮುಗ್ಧರನ್ನು ದೇವರು ಕಾಯುತ್ತಾನೆ ಎಂಬ ನಂಬಿಕೆಯನ್ನು ಬೈಬಲಿನ ಕೀರ್ತನೆಗಳಿಂದ ತೆಗೆದು ನಿಯಮವಾಗಿ ಬಳಸಿದ್ದುಂಟು. ಕೂಲಿಗಾಗಿ ಎತ್ತರದ ಮರ ಹತ್ತುವವನು ತನ್ನ ಜೀವವನ್ನೇ ಪಣಕ್ಕಿಡುತ್ತಾನೆಂದು ಬಲ್ಲ ತಾಲ್ಮುದ್ ಅವನನ್ನು ತಡೆಯಲಿಲ್ಲ. ಅವನ ಕೂಲಿಯನ್ನು ತಡಮಾಡದೆ ಕೊಡಿ ಎಂದಿತು. ಪ್ರಾಗಿನ ರಬ್ಬಿ ಯೆಹೆಜ್ಕೇಲ್ ಲಾಂಡೌ ಅದನ್ನೇ ಆಧಾರವಾಗಿಟ್ಟುಕೊಂಡು ಮೋಜಿನ ಬೇಟೆಯನ್ನು ಖಂಡಿಸಿ, ಹೊಟ್ಟೆಪಾಡಿನ ಬೇಟೆಗೆ ಅವಕಾಶ ಬಿಟ್ಟ. ಅಪಾಯ ಎರಡರಲ್ಲೂ ಒಂದೇ, ಅದನ್ನು ಎದುರಿಸುವ ಕಾರಣ ಮಾತ್ರ ಬೇರೆ.

ಜನರ ರೂಢಿಯೇ ಅಳತೆಗೋಲಾದರೆ ಜನರ ಅಜ್ಞಾನವೂ ಶಾಸ್ತ್ರವಾಗುವುದಿಲ್ಲವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಾಗೆ ಆದದ್ದೂ ಉಂಟು. 1960ರ ದಶಕದಲ್ಲಿ ನ್ಯೂಯಾರ್ಕಿನ ರಬ್ಬಿ ಮೋಷೆ ಫೈನ್‌ಸ್ಟೈನ್, ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಭಾವಿ ತೀರ್ಪುಗಾರರಲ್ಲಿ ಒಬ್ಬರು, ಇಷ್ಟೊಂದು ಜನ ಸೇದುತ್ತಾರೆ ಎಂಬ ಕಾರಣ ಕೊಟ್ಟು ಸಿಗರೇಟನ್ನು ನಿಷೇಧಿಸಲು ಒಪ್ಪಲಿಲ್ಲ. ಸೇದದಿರುವುದು ಒಳ್ಳೆಯದು ಎಂದಷ್ಟೇ ಹೇಳಿದರು. ಹಾನಿಯ ಪುರಾವೆ ಬೆಳೆದಂತೆ ವಾಲ್ಡನ್‌ಬರ್ಗ್ ಅವರಂಥವರು ಅದನ್ನು ನಿಷಿದ್ಧವೆಂದೇ ಸಾರಿದರು. ಹೀಗಾಗಿ ರೂಢಿಯ ಅಳತೆಗೋಲನ್ನು ನಾನು ಕೊನೆಯ ಮಾತೆಂದು ಒಪ್ಪಲಾರೆ. ಅಂಕಿ ತಿಳಿಯದಿದ್ದಾಗ ಅದು ಆಸರೆ. ತಿಳಿದ ಮೇಲೆ ಅದನ್ನು ಹಿಡಿದುಕೊಂಡಿರುವುದು ತಪ್ಪು. ಸಿಗರೇಟಿನ ತೀರ್ಪು ಬದಲಾದದ್ದೇ ಈ ಶಾಸ್ತ್ರ ಪುರಾವೆಗೆ ಬಗ್ಗಬಲ್ಲದು ಎಂಬುದಕ್ಕೆ ಸಾಕ್ಷಿ, ತಡವಾಗಿಯಾದರೂ.

ಕೊಟ್ಟ ಔಷಧದಿಂದ ಒಬ್ಬರು ಸತ್ತೇಹೋದರೆ ವೈದ್ಯರ ಗತಿಯೇನು? 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಯೆಹೂದಿ ಧರ್ಮಸಂಹಿತೆ ಷುಲ್ಖಾನ್ ಆರೂಖ್ ಇದನ್ನು ಒಂದೇ ವಿಧಿಯಲ್ಲಿ ಅಡಕಗೊಳಿಸಿದೆ. ಚಿಕಿತ್ಸೆ ಮಾಡುವುದು ಕರ್ತವ್ಯ. ಬಲ್ಲವನು ಹಿಂದೆಗೆದರೆ ಅದು ರಕ್ತ ಸುರಿಸಿದಂತೆ. ಆದರೆ ಕಲಿತು ನಿಪುಣನಾಗದವನು, ತನಗಿಂತ ಬಲ್ಲವನು ಅಲ್ಲೇ ಇರುವಾಗ ಕೈಹಾಕುವವನು ಕೂಡ ರಕ್ತ ಸುರಿಸುವವನೇ. ಅಪ್ಪಣೆ ಪಡೆದ ವೈದ್ಯ ತಪ್ಪಿ ಹಾನಿ ಮಾಡಿದರೆ ಮನುಷ್ಯರ ನ್ಯಾಯಾಲಯ ಅವನನ್ನು ಬಿಡುತ್ತದೆ, ದೇವರ ನ್ಯಾಯಕ್ಕೆ ಅವನು ಉತ್ತರಿಸಬೇಕು. ರೋಗಿ ಸತ್ತು, ತಪ್ಪು ತನ್ನದೆಂದು ವೈದ್ಯನಿಗೆ ತಿಳಿದುಬಂದರೆ, ಅರಿಯದೆ ಕೊಂದವನಂತೆ ಅವನು ಗಡೀಪಾರಿಗೆ ಗುರಿ. ಇದು ವೈದ್ಯರಿಗೆ ಕೊಟ್ಟ ರಕ್ಷಾಕವಚ ಎಂದು ಟೀಕಿಸುವವರಿಗೆ ತೋಸೆಫ್ತಾ ಎಂಬ ಹಳೆಯ ಸಂಕಲನದಲ್ಲೇ ಉತ್ತರವಿದೆ: ಈ ವಿನಾಯಿತಿ ಲೋಕದ ಹಿತಕ್ಕಾಗಿ. ಪ್ರತಿ ಸಾವಿಗೂ ವೈದ್ಯನನ್ನು ಕಟಕಟೆಗೆ ಎಳೆದರೆ ಕಠಿಣ ರೋಗಿಗಳ ಬಳಿ ಯಾರೂ ಸುಳಿಯುವುದಿಲ್ಲ. ಆಲ್ಜಿಯರ್ಸಿನ ರಬ್ಬಿ ಷಿಮೋನ್ ಡುರಾನ್, ತಾನೂ ವೈದ್ಯನಾಗಿದ್ದವನು, ಇನ್ನೂ ಮುಂದೆ ಹೋಗಿ ಕತ್ತಿ ಹಿಡಿಯುವವನನ್ನೂ ಔಷಧ ಕೊಡುವವನನ್ನೂ ಬೇರ್ಪಡಿಸಿದ. ಗುಣಪಡಿಸಲೆಂದು ಪ್ರಾಮಾಣಿಕವಾಗಿ ಔಷಧ ಕೊಟ್ಟವನು, ತಪ್ಪಿದರೂ, ದೇವರೆದುರೂ ನಿರ್ದೋಷಿ ಎಂಬುದು ಅವನ ಮತ. ನಾನು ಷುಲ್ಖಾನ್ ಆರೂಖಿನ ಪಕ್ಷದವನು. ಕಾನೂನಿನ ಕೈಗೆ ಸಿಗದ, ಆದರೆ ಮನಸ್ಸಿನ ಮೇಲೆ ಉಳಿಯುವ ಆ ಹೊಣೆಯೇ ವಾರದ ರಕ್ತ ಪರೀಕ್ಷೆಯ ವರದಿಯನ್ನು ಮರೆಯದೆ ತರಿಸಿ ನೋಡುವಂತೆ, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಎಂದು ರೋಗಿಗೆ ಬಿಡಿಸಿ ಹೇಳುವಂತೆ ವೈದ್ಯರನ್ನು ಎಚ್ಚರವಾಗಿಡುತ್ತದೆ.

ಉಳಿದದ್ದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಒಬ್ಬ ರೋಗಿಯ ಮಟ್ಟಿಗೆ ಲಕ್ಷಕ್ಕೆ ಒಂದು ಎಂಬುದು ನಗಣ್ಯ. ಆದರೆ ಕೋಟಿ ಜನ ನುಂಗಿದರೆ ನೂರು ಜನ ಸಾಯುವುದು ಬಹುಮಟ್ಟಿಗೆ ಖಚಿತ. ಹಾಗಿರುವಾಗ ಔಷಧಕ್ಕೆ ಪರವಾನಗಿ ಕೊಟ್ಟವರು ನೂರು ಜನರನ್ನು ಕೊಂದಂತಾಗಲಿಲ್ಲವೆ? ಲಂಡನ್ನಿನಿಂದ ಲಾಂಡೌ ಬಳಿಗೆ ಬಂದ ಇನ್ನೊಂದು ಪ್ರಶ್ನೆ ಇದಕ್ಕೆ ಬೆಳಕು ಕೊಡುತ್ತದೆ. ಕಲ್ಲಿನ ಶಸ್ತ್ರಕ್ರಿಯೆಯಾಗಿ ಸತ್ತವನೊಬ್ಬನ ಶವವನ್ನು ಕೊಯ್ದು ನೋಡಿದರೆ ಮುಂದಿನ ರೋಗಿಗಳಿಗೆ ನೆರವಾದೀತು, ಮಾಡಬಹುದೆ ಎಂದು ಕೇಳಿದ್ದರು. ಎದುರಿಗೆ ರೋಗಿಯೊಬ್ಬ ಇದ್ದಿದ್ದರೆ ಮಾಡಬಹುದಿತ್ತು, ಎಂದೋ ಎಲ್ಲೋ ಬರಬಹುದಾದವನಿಗಾಗಿ ಕೂಡದು ಎಂದು ಲಾಂಡೌ ಉತ್ತರಿಸಿದ. ಕಣ್ಣೆದುರಿನ ರೋಗಿಗೆ ಮೊದಲ ಸ್ಥಾನ ಎಂಬ ಈ ತತ್ತ್ವದಿಂದ ಚೀಟಿ ಬರೆಯುವ ವೈದ್ಯರ ಕರ್ತವ್ಯ ಸ್ಪಷ್ಟವಾಗುತ್ತದೆ: ಎದುರಿಗೆ ನರಳುತ್ತಿರುವವರನ್ನು ಗುರುತಿಲ್ಲದ ಆ ನೂರು ಮಂದಿಯ ಹೆಸರಿನಲ್ಲಿ ಬರಿಗೈಲಿ ಕಳಿಸಬಾರದು. ಆದರೆ ಪರವಾನಗಿ ಕೊಡುವ ಅಧಿಕಾರಿಯ ಎದುರು ಒಬ್ಬ ರೋಗಿ ಇರುವುದಿಲ್ಲ, ಇಡೀ ದೇಶವಿರುತ್ತದೆ. ಆ ನೂರು ಮಂದಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕಡಿಮೆ ಅಪಾಯದ ಬೇರೆ ನೋವುನಿವಾರಕ ಸಿಗುತ್ತಿದೆಯೆ, ಅದರಿಂದ ಬರುವ ಹೊಟ್ಟೆಯ ರಕ್ತಸ್ರಾವದಿಂದ ಸಾಯುವವರು ಇನ್ನೂ ಹೆಚ್ಚಲ್ಲವೆ ಎಂಬುದನ್ನೆಲ್ಲ ತೂಗಬೇಕು. ಒಂದೇ ಮಾತ್ರೆಗೆ ಅಮೆರಿಕ ಬೇಡವೆಂದು, ಇಸ್ರೇಲ್ ಆಗಲಿ ಎಂದದ್ದು ಈ ತೂಗುವಿಕೆಯಲ್ಲಿನ ವ್ಯತ್ಯಾಸದಿಂದ. ಎರಡರಲ್ಲಿ ಒಂದು ದೇಶ ಜೀವಕ್ಕೆ ಬೆಲೆ ಕೊಡಲಿಲ್ಲ ಎಂದು ಇದರಿಂದ ಹೇಳಲಾಗದು.

ಗುರುತಿಲ್ಲದವರಿಗೆ ಗುರುತು ಸಿಕ್ಕ ದಿನ ಈ ತರ್ಕವೂ ಬದಲಾಗಬೇಕಾಗುತ್ತದೆ. ಕಾರ್ಬಮಜೆಪೀನ್ ಅಪಸ್ಮಾರಕ್ಕೂ ಮುಖದ ನರದ ಅಸಹನೀಯ ನೋವಿಗೂ ಕೊಡುವ ಹಳೆಯ, ಅಗ್ಗದ ಔಷಧ. ಅಪರೂಪಕ್ಕೆ ಕೆಲವರಲ್ಲಿ ಅದು ಸುಟ್ಟಗಾಯದಂತೆ ಚರ್ಮ ಸುಲಿದುಹೋಗುವ ಮಾರಕ ಪ್ರತಿಕ್ರಿಯೆ ತರುತ್ತದೆ. ಬಹುಕಾಲ ಅದು ಯಾರಿಗೆ ಬಂದೀತೆಂದು ಹೇಳುವ ದಾರಿಯಿರಲಿಲ್ಲ. ತೈವಾನಿನ ಸಂಶೋಧಕರು 2004ರಲ್ಲಿ, ಒಂದು ನಿರ್ದಿಷ್ಟ ವಂಶವಾಹಿ ಇದ್ದ ಚೀನೀ ಮೂಲದವರಲ್ಲಿಯೇ ಇದು ಹೆಚ್ಚಾಗಿ ಬರುತ್ತದೆ ಎಂದು ತೋರಿಸಿದರು. ಆ ವಂಶವಾಹಿ ಭಾರತೀಯರಲ್ಲಿಯೂ ಅಷ್ಟಿಷ್ಟು ಇದೆ. ಅಂಥ ಮೂಲದವರಿಗೆ ಔಷಧ ಶುರುಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕೆಂದು 2007ರಲ್ಲಿ ಅಮೆರಿಕದ ಔಷಧ ಇಲಾಖೆ ಸೂಚಿಸಿತು. ಪರೀಕ್ಷೆ ಕೈಗೆಟುಕುವಲ್ಲಿ ಅದನ್ನು ಮಾಡಿಸದೆ ಈ ಮಾತ್ರೆ ಬರೆದುಕೊಟ್ಟ ವೈದ್ಯರು, ಬಹುಜನ ನಡೆವ ದಾರಿ ಇದು, ಮುಗ್ಧರನ್ನು ದೇವರು ಕಾಯುತ್ತಾನೆ ಎಂದು ಈ ಶಾಸ್ತ್ರದ ಆಶ್ರಯ ಪಡೆಯಲಾರರು. ಅಪಾಯದಲ್ಲಿರುವ ರೋಗಿ ಈಗ ಅವರ ಕಣ್ಣೆದುರಿಗೇ ಇದ್ದಾರೆ. ಪರೀಕ್ಷೆ ಸಿಗದ ಊರಿನಲ್ಲಿ, ಬೇರೆ ಔಷಧ ಕೊಳ್ಳುವ ಶಕ್ತಿಯಿಲ್ಲದ ಅಪಸ್ಮಾರದ ರೋಗಿಗೆ ಅದೇ ಮಾತ್ರೆಯನ್ನು ತಿಳಿಹೇಳಿ, ಮೈಮೇಲೆ ಗುಳ್ಳೆ ಎದ್ದರೆ ಅದೇ ದಿನ ಬರಬೇಕೆಂದು ಎಚ್ಚರಿಸಿ ಕೊಡುವ ವೈದ್ಯರಿಗೆ ನಾಖ್ಮನಿಡಿಸ್ ಎತ್ತಿ ತೋರಿದ ಅಪ್ಪಣೆ ಇಂದೂ ಇದೆ.